ಬೆನ್ನ ಹಿಂದೆ ಲಾರಿ ಇಲ್ಲದ ದಾರಿ

ನಮಸ್ಕಾರ. ಸೈಕಲ್ ತುಳಿಯುವವರಿಗೆ ಬೆನ್ನಲ್ಲೂ ಒಂದು ಕಿವಿ ಇರುತ್ತದೆ. ಹಿಂದೆ ಬರುತ್ತಿರುವುದು ಲಾರಿಯೋ ಬಸ್ಸೋ, ಎಷ್ಟು ಹತ್ತಿರ ಬಂತು, ಜಾಗ ಬಿಟ್ಟು ಹೋಗುತ್ತದೋ ಸವರಿಕೊಂಡು ಹೋಗುತ್ತದೋ ಅಂತ ಆ ಕಿವಿ ಕೇಳುತ್ತಲೇ ಇರುತ್ತದೆ. ಎದುರಿಗೆ ಎಂಥ ಬೆಟ್ಟ ಇದ್ದರೂ ಅರ್ಧ ಮನಸ್ಸು ಹಿಂದೆಯೇ. ಆ ಕಿವಿಗೆ ರಜೆ ಕೊಟ್ಟು ದಿನಗಟ್ಟಲೆ ಸೈಕಲ್ ತುಳಿಯಬಹುದಾದ ಒಂದು ಕಣಿವೆ ಇದೆ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಇಟಲಿಯ ಉತ್ತರದ ತುದಿಯಲ್ಲಿ, ಆಸ್ಟ್ರಿಯಾದ ಗಡಿಯ ಪಕ್ಕದಲ್ಲೇ, ಆದಿಜೆ ಅನ್ನುವ ನದಿ ಹುಟ್ಟುತ್ತದೆ. ಇಟಲಿಯಲ್ಲಿ ಪೋ ನದಿ ಬಿಟ್ಟರೆ ಇದೇ ಉದ್ದದ್ದು, 410 ಕಿಲೋಮೀಟರ್. ಹುಟ್ಟುವ ಜಾಗ ರೆಷೆನ್ ಘಾಟಿ, ಸುಮಾರು 1500 ಮೀಟರ್ ಎತ್ತರ. ಅಲ್ಲಿಂದ ಮೆರಾನ್, ಬೋಲ್ಜಾನೊ, ತ್ರೆಂತೊ ಊರುಗಳನ್ನು ಮುಟ್ಟುತ್ತಾ ನದಿಯ ಜೊತೆಗೇ ಒಂದು ಸೈಕಲ್ ದಾರಿ ಇಳಿಯುತ್ತದೆ. ಕಾರು, ಲಾರಿ ಯಾವುದೂ ಬರುವಂತಿಲ್ಲ. ತೋಟಕ್ಕೆ ಹೋಗುವ ರೈತರ ಟ್ರ್ಯಾಕ್ಟರ್ ಅಲ್ಲಲ್ಲಿ ಸಿಗುತ್ತದೆ, ಊರೊಳಗೆ ನಾಲ್ಕು ಬೀದಿ ದಾಟಬೇಕಾಗುತ್ತದೆ, ಅಷ್ಟೇ.

ನಾನು ಅಲ್ಲಿಗೆ ಎರಡು ಸಲ ಹೋದೆ. ಒಮ್ಮೆ ಏಪ್ರಿಲ್‌ನಲ್ಲಿ ಒಬ್ಬನೇ, ಇನ್ನೊಮ್ಮೆ ಸೆಪ್ಟೆಂಬರ್ ಕೊನೆಯಲ್ಲಿ ಅಕ್ಕನ ಜೊತೆ. ಅಕ್ಕನಿಗೆ ಆಗ 58 ವರ್ಷ. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. "ಬೆಟ್ಟದಲ್ಲಿ ಸೈಕಲ್ಲಾ, ನನ್ನ ಕೈಲಾಗಲ್ಲ ಕಣೋ" ಅಂದಿದ್ದಳು. ಬೆಟ್ಟವನ್ನು ನಾವು ಹತ್ತಬೇಕಾಗಿಲ್ಲ, ರೈಲು ಹತ್ತಿಸುತ್ತದೆ ಅಂತ ಹೇಳಿ ಒಪ್ಪಿಸಿದೆ. ಅದು ನಿಜವೇ. ಮೆರಾನ್‌ನಿಂದ ಮಾಲ್ಸ್ ಅನ್ನುವ ಊರಿಗೆ 60 ಕಿಲೋಮೀಟರಿನ ಒಂದು ಸಣ್ಣ ರೈಲು ಮಾರ್ಗ ಇದೆ. 1906ರಲ್ಲಿ ಶುರುವಾಗಿದ್ದು. 1990ರಲ್ಲಿ ನಿಂತುಹೋಯಿತು, ಆಮೇಲೆ ಪ್ರಾಂತದ ಸರ್ಕಾರವೇ ಮುಂದೆ ಬಂದು ರಿಪೇರಿ ಮಾಡಿಸಿ 2005ರಲ್ಲಿ ಮತ್ತೆ ಓಡಿಸಿತು. ಮೆರಾನ್ ಇರುವುದು 300 ಮೀಟರ್ ಚಿಲ್ಲರೆ ಎತ್ತರದಲ್ಲಿ, ಮಾಲ್ಸ್ ಹತ್ತಿರ ಹತ್ತಿರ 1000 ಮೀಟರ್. ಸ್ಟೇಷನ್ ಪಕ್ಕದಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಅಲ್ಲಿಂದ ಮೇಲಿನ ಘಾಟಿಗೆ ಬಸ್ಸು. ಕೆಳಗೆ ಬರುವುದು ಮಾತ್ರ ನಮ್ಮ ಕೆಲಸ.

ಘಾಟಿಯ ಹತ್ತಿರ ಒಂದು ದೊಡ್ಡ ಕೆರೆ ಇದೆ. ಅದರ ನೀರಿನ ನಡುವೆ ಒಂದು ಗಂಟೆ ಗೋಪುರ ನಿಂತಿದೆ. ಸುಮ್ನೆ ನೋಡಿದರೆ ಚೆಂದದ ಚಿತ್ರ. ಆದರೆ ಅದರ ಕೆಳಗೆ ಒಂದು ಊರಿತ್ತು. ಹೆಸರು ಗ್ರಾವುನ್. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ 1950ರಲ್ಲಿ ನೀರು ನಿಲ್ಲಿಸಿದರು. ಮನೆಗಳು ಹೋದವು, ಹೊಲಗಳು ಹೋದವು, 14ನೇ ಶತಮಾನದ ಗೋಪುರ ಒಂದು ಉಳಿಯಿತು. ಮುಳುಗಿಸುವ ಮುಂಚೆಯೇ ಗಂಟೆಗಳನ್ನು ಇಳಿಸಿದ್ದರು. ಆದರೂ ಚಳಿಗಾಲದ ರಾತ್ರಿ ಗಂಟೆ ಬಾರಿಸುವ ಸದ್ದು ಕೇಳುತ್ತದೆ ಅಂತ ಜನ ಹೇಳುತ್ತಾರಂತೆ. ಅಕ್ಕ ದಡದಲ್ಲಿ ಸೈಕಲ್ ಒರಗಿಸಿ ತುಂಬ ಹೊತ್ತು ನಿಂತಿದ್ದಳು. ಫೋಟೋ ತೆಗೆಯಲಿಲ್ಲ.

ಅಲ್ಲಿಂದ ದಾರಿ ಇಳಿಯಲು ಶುರು. ರೋಮನ್ನರು ಆಲ್ಪ್ಸ್ ದಾಟಲು ಮಾಡಿದ ವಿಯಾ ಕ್ಲೌದಿಯಾ ಅಗುಸ್ತಾ ಅನ್ನುವ ರಸ್ತೆ ಬಂದಿದ್ದೂ ಇದೇ ಘಾಟಿಯ ಮೇಲೆ, ಸುಮಾರು ಎರಡು ಸಾವಿರ ವರ್ಷದ ಹಿಂದೆ. ಗ್ಲುರ್ನ್ಸ್ ಅಂತ ಒಂದು ಪುಟ್ಟ ಊರು ಸಿಗುತ್ತದೆ, ಸುತ್ತ ಕೋಟೆ ಗೋಡೆ ಇನ್ನೂ ಪೂರ್ತಿ ಇದೆ, ಒಂದು ಬಾಗಿಲಲ್ಲಿ ಒಳಗೆ ಹೋಗಿ ಕಾಫಿ ಕುಡಿದು ಇನ್ನೊಂದು ಬಾಗಿಲಲ್ಲಿ ಹೊರಗೆ ಬರಬಹುದು. ಲಾಸ್ ಊರಿನಲ್ಲಿ ಹಾಲಿನಂಥ ಬಿಳಿ ಅಮೃತಶಿಲೆ ತೆಗೆಯುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಸಮಾಧಿಗಳ ಮೇಲಿನ ಶಿಲುಬೆಗಳಿಗೆ ಹೋಗಿದ್ದು ಈ ಕಲ್ಲು.

ಈ ಮೇಲಿನ ಕಣಿವೆಯಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ಹಿಂದಿನಿಂದಲೂ ಬೆಟ್ಟದ ಹೊಳೆಗಳಿಂದ ಸಣ್ಣ ಕಾಲುವೆ ತೆಗೆದು ಹೊಲಕ್ಕೆ ನೀರು ಹಾಯಿಸುತ್ತಾ ಬಂದಿದ್ದಾರೆ. ಈಗ ಎಲ್ಲಿ ನೋಡಿದರೂ ಸೇಬು. ದಾರಿಯ ಎರಡೂ ಕಡೆ ಸೇಬಿನ ಸಾಲು, ಕೈ ಚಾಚಿದರೆ ಕೊಂಬೆ.

ಏಪ್ರಿಲ್‌ನಲ್ಲಿ ಹೋದಾಗ ಒಂದು ಬೆಳಿಗ್ಗೆ ನೋಡಿದ್ದನ್ನು ಹೇಳಲೇಬೇಕು. ಹಿಂದಿನ ರಾತ್ರಿ ಚಳಿ ಸೊನ್ನೆಗಿಂತ ಕೆಳಗೆ ಹೋಗಿತ್ತು. ಬೆಳಿಗ್ಗೆ ಬೇಗ ಎದ್ದು ಶ್ಲಾಂಡರ್ಸ್ ಊರಿನಿಂದ ಹೊರಟೆ. ಇನ್ನೂ ತೋಟ ಕಾಣುವ ಮುಂಚೆಯೇ ಟಿಕ್ ಟಿಕ್ ಟಿಕ್ ಅಂತ ಸದ್ದು. ತುಂತುರು ನೀರಾವರಿಯ ತಲೆಗಳು ತಿರುಗುತ್ತಿವೆ, ಒಂದಲ್ಲ, ನೂರಾರು. ಹತ್ತಿರ ಹೋಗಿ ನೋಡಿದರೆ ಇಡೀ ತೋಟ ಗಾಜಿನಲ್ಲಿ ಅದ್ದಿ ತೆಗೆದ ಹಾಗೆ ಇತ್ತು. ಪ್ರತಿ ಕೊಂಬೆಗೂ ಮಂಜುಗಡ್ಡೆಯ ಕವಚ. ಒಂದು ಹೂವಿನ ಹತ್ತಿರ ಮುಖ ತಂದು ನೋಡಿದೆ. ಗುಲಾಬಿ ಅಂಚಿನ ಐದು ಎಸಳು, ನಡುವೆ ಹಳದಿ ಕೇಸರ, ಎಲ್ಲವೂ ಗಡ್ಡೆಯೊಳಗೆ ಹಾಗೆ ಹಾಗೇ, ತುದಿಯಲ್ಲಿ ಒಂದು ಹನಿ ಬೀಳಲೋ ಬೇಡವೋ ಅಂತ ತೂಗುತ್ತಿತ್ತು. ಹೂವು ಸತ್ತೇಹೋಯಿತು ಅಂದುಕೊಂಡೆ. ಅಲ್ಲ, ಅದನ್ನು ಉಳಿಸುತ್ತಿದ್ದರು. ನೀರು ಗಡ್ಡೆ ಕಟ್ಟುವಾಗ ಒಂದಷ್ಟು ಶಾಖ ಬಿಟ್ಟುಕೊಡುತ್ತದೆ. ನೀರು ಬೀಳುತ್ತಾ ಗಡ್ಡೆ ಕಟ್ಟುತ್ತಾ ಇರುವಷ್ಟು ಹೊತ್ತು ಒಳಗಿನ ಹೂವು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಧ್ಯದಲ್ಲಿ ನೀರು ನಿಲ್ಲಿಸಿದರೆ ಮಾತ್ರ ಕಷ್ಟ. ಅದಕ್ಕೇ ರೈತರು ರಾತ್ರಿಯಿಡೀ ಎದ್ದಿರುತ್ತಾರೆ. ಬಿಸಿಲು ಬಂದ ಮೇಲೆ ತೋಟದ ತುಂಬ ಗಡ್ಡೆ ಬಿರಿಯುವ ಸದ್ದು, ಸಣ್ಣ ಬಳೆ ಒಡೆದ ಹಾಗೆ. ಪಕ್ಕದಲ್ಲಿ ಒಂದೇ ಒಂದು ಕಾರು ಓಡುತ್ತಿದ್ದರೂ ಆ ಸದ್ದು ನನಗೆ ಕೇಳುತ್ತಿರಲಿಲ್ಲ.

ಸೇಬಿನ ತೋಟದ ಇನ್ನೊಂದು ಮುಖವನ್ನೂ ಹೇಳಬೇಕು. ಔಷಧಿ ಹೊಡೆಯುವ ಕಾಲದಲ್ಲಿ ದಾರಿಯ ಪಕ್ಕದಲ್ಲೇ ಟ್ರ್ಯಾಕ್ಟರ್ ಬಿಳಿ ಹೊಗೆಯ ಹಾಗೆ ಸಿಂಪಡಿಸುತ್ತಾ ಬರುತ್ತದೆ. ಅಂಥ ಕಡೆ ನಿಂತು, ಅದು ಮುಂದೆ ಹೋದ ಮೇಲೆ ಹೊರಡಿ, ಅವಸರ ಬೇಡ. ಅಲ್ಲಿನ ಜನರಿಗೂ ಇದು ದೊಡ್ಡ ವಿಷಯ. ನಾನು ಆಗಲೇ ಹೇಳಿದ ಮಾಲ್ಸ್ ಊರಿನವರು 2014ರಲ್ಲಿ ಮತ ಹಾಕಿ, ನಮ್ಮೂರಲ್ಲಿ ರಾಸಾಯನಿಕ ಕೀಟನಾಶಕ ಬೇಡ ಅಂದರು. ಅಷ್ಟು ಚಿಕ್ಕ ಊರು ಅಷ್ಟು ದೊಡ್ಡ ಮಾತು ಆಡಿದ್ದು ನನಗೆ ತುಂಬ ಹಿಡಿಸಿತು.

ಮೆರಾನ್ ಹತ್ತಿರ ಬಂದಾಗ ಕಣಿವೆ ಒಂದು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಸೈಕಲ್ ದಾರಿಗೂ ಅಲ್ಲಿ ಹೇರ್‌ಪಿನ್ ತಿರುವುಗಳು. ಬ್ರೇಕ್ ಒಂದೇ ಸಮ ಹಿಡಿದುಕೊಂಡಿರಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ. ಮೆರಾನ್‌ನಿಂದ ಬೋಲ್ಜಾನೊ ಸಪಾಟು, ಮೂವತ್ತು ಕಿಲೋಮೀಟರ್, ಹೇಳುವಂಥದ್ದು ಜಾಸ್ತಿ ಇಲ್ಲ. ಬೋಲ್ಜಾನೊದಲ್ಲಿ ಮಾತ್ರ ಅರ್ಧ ದಿನ ನಿಲ್ಲಿ. 1991ರಲ್ಲಿ ಹಿಮದಲ್ಲಿ ಸಿಕ್ಕ, 5000 ವರ್ಷಕ್ಕೂ ಹಳೆಯ ಒಬ್ಬ ಮನುಷ್ಯನ ದೇಹವನ್ನು ಇಟ್ಟಿರುವುದು ಅಲ್ಲಿನ ಮ್ಯೂಸಿಯಂನಲ್ಲಿ. ಅವನೂ ಇದೇ ಬೆಟ್ಟಗಳನ್ನು ದಾಟುತ್ತಿದ್ದವನು.

ಬೋಲ್ಜಾನೊದ ಕೆಳಗೆ ಸೈಕಲ್ ದಾರಿ ನದಿಯ ಏರಿಯ ಮೇಲೆ ಹೋಗುತ್ತದೆ. ಹಿಂದೆ ಈ ಕಣಿವೆಯ ತಳ ಪೂರ್ತಿ ಜೌಗು. ನದಿ ತನಗೆ ಬೇಕಾದ ಕಡೆ ಹರಿಯುತ್ತಿತ್ತು, ಮಲೇರಿಯಾ ಇತ್ತು. ಅದಕ್ಕೇ ಹಳೇ ಊರುಗಳೆಲ್ಲ ಬೆಟ್ಟದ ಬುಡದಲ್ಲಿ, ಸ್ವಲ್ಪ ಎತ್ತರದಲ್ಲಿ ಕೂತಿವೆ. 19ನೇ ಶತಮಾನದಲ್ಲಿ ನದಿಯನ್ನು ನೇರ ಮಾಡಿ ಏರಿ ಕಟ್ಟಿದರು, 1859ರಲ್ಲಿ ರೈಲು ಬಂತು. ಈಗ ಅದೇ ಏರಿ ಮೇಲೆ ನಾವು ಸೈಕಲ್ ತುಳಿಯುತ್ತೇವೆ. ಆದರೆ ಇಲ್ಲಿ ಒಂದು ಮಾತು. ವಾಹನ ಇಲ್ಲದ ದಾರಿ ಅಂದ ಮಾತ್ರಕ್ಕೆ ಸದ್ದಿಲ್ಲದ ದಾರಿ ಅಲ್ಲ. ಆಸ್ಟ್ರಿಯಾ ಗಡಿಯ ಬ್ರೆನರ್ ಘಾಟಿಯ ಕಡೆಯಿಂದ ಬರುವ ದೊಡ್ಡ ಹೆದ್ದಾರಿಯೂ ಇದೇ ಕಣಿವೆಯಲ್ಲಿ ಇದೆ, ಕೆಲವು ಕಡೆ ಅದರ ಮೊರೆತ ದಿನವಿಡೀ ಕಿವಿಗೆ ಬೀಳುತ್ತದೆ. ಹಾಗಾಗಿ ನಾನು ಹೇಳುವುದು, ಏರಿಯನ್ನು ಬಿಟ್ಟು ಮೇಲಿರುವ ಕಾಲ್ಟರ್ನ್ ಊರಿನ ಕಡೆ ಹತ್ತಿ.

ಹತ್ತಿ ಅಂದರೆ ಹೆದರಬೇಡಿ. 1898ರಲ್ಲಿ ಶುರುವಾಗಿ ಆಮೇಲೆ ಮುಚ್ಚಿಹೋದ ಒಂದು ರೈಲಿನ ಹಳಿ ಇದ್ದ ಜಾಗವನ್ನೇ ಸೈಕಲ್ ದಾರಿ ಮಾಡಿದ್ದಾರೆ. ರೈಲಿಗೆ ಕಡಿದಾದ ಏರು ಆಗದು, ಅಲ್ವಾ? ರೈಲು ಹತ್ತಲಿ ಅಂತ ಅಳೆದು ಮಾಡಿದ ಏರು ಸೈಕಲ್‌ಗೂ ಹಗುರ. ಅಕ್ಕ ಒಂದು ಸಲವೂ ಇಳಿದು ತಳ್ಳಲಿಲ್ಲ. ಅರ್ಧ ದಾರಿಯಲ್ಲಿ ಹಿಂದಿನಿಂದ ಏನೋ ಗುನುಗುವುದು ಕೇಳಿತು. ಅವಳು ಹಾಡಿಕೊಂಡು ಬರುತ್ತಿದ್ದಳು. ಚಿಕ್ಕವಳಿದ್ದಾಗ ಕೇಳಿದ್ದ ದನಿ ಅದು, ಎಷ್ಟೋ ವರ್ಷವಾಗಿತ್ತು.

ಮೇಲೆ ಹೋದರೆ ದ್ರಾಕ್ಷಿ. ಬೆಟ್ಟದ ಇಳಿಜಾರಿನ ತುಂಬ ಮರದ ಚಪ್ಪರ, ಚಪ್ಪರದ ಮೇಲೆ ಬಳ್ಳಿ. ಇಲ್ಲಿನ ಹಳೇ ತಳಿ ವೆರ್ನಾಚ್, ಇಟಾಲಿಯನ್‌ನಲ್ಲಿ ಸ್ಕಿಯಾವಾ. ಕೊಯ್ಲು ನಡೆಯುತ್ತಿತ್ತು. ಒಂದು ಚಪ್ಪರದ ಕೆಳಗೆ ಮನೆಮಂದಿಯೆಲ್ಲ ಕೈ ಮೇಲೆತ್ತಿ ಕತ್ತರಿ ಹಾಕುತ್ತಿದ್ದರು. ವಯಸ್ಸಾದ ಒಬ್ಬ ಹೆಂಗಸು ನಮ್ಮನ್ನು ನೋಡಿ ಕರೆದು, ಒಂದು ಗೊಂಚಲು ಕತ್ತರಿಸಿ ಅಕ್ಕನ ಕೈಗೆ ಕೊಟ್ಟರು. ಭಾಷೆ ಯಾರಿಗೂ ಗೊತ್ತಿಲ್ಲ. ದಪ್ಪ ಹಣ್ಣು, ತೆಳು ಸಿಪ್ಪೆ, ನೆರಳಲ್ಲಿ ಇದ್ದುದರಿಂದ ಮುಟ್ಟಿದರೆ ತಣ್ಣಗೆ. ಚಪ್ಪರದ ಎಲೆ ಬಿಸಿಲನ್ನು ತಡೆಯುತ್ತದೆ, ಗೊಂಚಲು ಕೆಳಗೆ ಗಾಳಿಗೆ ತೂಗುತ್ತಿರುತ್ತದೆ. ಈ ಹಣ್ಣಿನ ವೈನ್ ತಿಳಿ ಕೆಂಪು, ಹಗುರ. ಮುಂದಿನ ಊರು ಟ್ರಾಮಿನ್. ಗೆವುರ್ಜ್‌ಟ್ರಾಮಿನರ್ ಅನ್ನುವ ಘಮಘಮ ಬಿಳಿ ವೈನಿನ ಹೆಸರಲ್ಲಿ ಇರುವುದು ಈ ಊರೇ. ಗ್ಲಾಸು ಮೂಗಿಗೆ ತಂದರೆ ಗುಲಾಬಿ ವಾಸನೆ.

ಆದರೆ ವೈನ್ ಸಂಜೆಗೆ ಇರಲಿ. ಇಟಲಿಯಲ್ಲಿ ಕುಡಿದು ಗಾಡಿ ಓಡಿಸಬಾರದು ಅನ್ನುವ ಕಾನೂನು ಸೈಕಲ್‌ಗೂ ಇದೆ, ಲೀಟರ್ ರಕ್ತಕ್ಕೆ ಅರ್ಧ ಗ್ರಾಂ ಮಿತಿ. ಕತ್ತಲಾದ ಮೇಲೆ ಊರಾಚೆ, ಮತ್ತೆ ಸುರಂಗದೊಳಗೆ, ಬೆಳಕಿಗೆ ಹೊಳೆಯುವ ಜಾಕೆಟ್ ಹಾಕಲೇಬೇಕು. ಕೋಣೆ ಸಿಕ್ಕ ಮೇಲೆ, ಸೈಕಲ್ ಒಳಗಿಟ್ಟ ಮೇಲೆ, ಸ್ನಾನ ಆದ ಮೇಲೆ ಕುಡಿಯಿರಿ. ರುಚಿಯೂ ಆಗಲೇ ಸರಿಯಾಗಿ ಗೊತ್ತಾಗುತ್ತದೆ.

ಇನ್ನೊಂದು ಮಾತು, ಬೆಳಿಗ್ಗೆ ಬೇಗ ಹೊರಡಿ. ಕಾರಣ ಗಾಳಿ. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ಆರಾಮಾಗಿ ಹೊರಟೆ. ಸಲುರ್ನ್ ಹತ್ತಿರ ಕಣಿವೆ ಕಿರಿದಾಗುತ್ತದೆ, ಅಲ್ಲಿ ಎದುರು ಗಾಳಿ ಹೇಗೆ ಬಡಿಯಿತು ಅಂದರೆ ಇಳಿಜಾರಿನ ದಾರಿಯಲ್ಲೂ ಸಣ್ಣ ಗೇರ್ ಹಾಕಿ ತುಳಿಯಬೇಕಾಯಿತು. ಹತ್ತು ಕಿಲೋಮೀಟರಿಗೆ ಒಂದು ಗಂಟೆ ಮೀರಿತು, ತೊಡೆ ನಡುಗುತ್ತಿತ್ತು. ಬಿಸಿಲೇರಿದ ಹಾಗೆ ಬೆಟ್ಟದ ಮೈ ಕಾದು ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ದಕ್ಷಿಣದಿಂದ ಗಾಳಿ ಕಣಿವೆಯುದ್ದಕ್ಕೂ ಮೇಲೆ ನುಗ್ಗುತ್ತದೆ. ಗಾರ್ದಾ ಸರೋವರದ ಕಡೆ ಇದಕ್ಕೆ ಓರಾ ಅಂತ ಹೆಸರು. ಕೆಳಗೆ ಹೋಗುವವರು ಮಧ್ಯಾಹ್ನದೊಳಗೆ ದಿನದ ದಾರಿ ಮುಗಿಸಿಬಿಡಬೇಕು. ಅಕ್ಕನ ಜೊತೆ ಹೋದಾಗ ಏಳು ಗಂಟೆಗೇ ಹೊರಡುತ್ತಿದ್ದೆವು.

ಇಟಲಿಯೇ ಆದರೂ ಸಲುರ್ನ್‌ವರೆಗೆ ಹೆಚ್ಚಾಗಿ ಜರ್ಮನ್ ಮಾತು, ದಾಟಿದರೆ ಇಟಾಲಿಯನ್ ಶುರು. ನೋಚೆ ಅನ್ನುವ ನದಿ ಬಂದು ಆದಿಜೆಗೆ ಸೇರುವ ಬಯಲಿನಲ್ಲಿ ತೆರೋಲ್ದೆಗೊ ಅನ್ನುವ ಕಪ್ಪು ದ್ರಾಕ್ಷಿ. ಸಾನ್ ಮಿಕೆಲೆಯಲ್ಲಿ 1874ರಲ್ಲಿ ಶುರುವಾದ ಕೃಷಿ ಶಾಲೆ ಇವತ್ತಿಗೂ ನಡೆಯುತ್ತಿದೆ. ತ್ರೆಂತೊ ಪ್ರಾಂತದಲ್ಲಿ ಸೈಕಲ್ ದಾರಿಯ ಪಕ್ಕದಲ್ಲೇ ಬೀಚಿಗ್ರಿಲ್ ಅನ್ನುವ ತಂಗುದಾಣಗಳಿವೆ. ತಿಂಡಿ, ಕಾಫಿ, ಚಕ್ರಕ್ಕೆ ಗಾಳಿ ಎಲ್ಲ ಅಲ್ಲೇ.

ರೊವೆರೆತೊದಲ್ಲಿ ರಾತ್ರಿ ಉಳಿಯಿರಿ. ಬೆಟ್ಟದ ಮೇಲೆ ಒಂದು ಭಾರಿ ಗಂಟೆ ಇದೆ. ಮೊದಲ ಮಹಾಯುದ್ಧದಲ್ಲಿ ಕಾದಾಡಿದ ದೇಶಗಳ ಫಿರಂಗಿಗಳ ಕಂಚಿನಿಂದ 1924ರಲ್ಲಿ ಎರಕ ಹೊಯ್ದಿದ್ದು, ಆಮೇಲೆ ಮತ್ತೆ ಹೊಯ್ದರು. ಸತ್ತವರ ನೆನಪಿಗೆ ದಿನಾ ಸಂಜೆ ನೂರು ಸಲ ಬಾರಿಸುತ್ತದೆ. ನಾವು ಕಿಟಕಿ ತೆಗೆದು ಕೂತು ಕೇಳಿದೆವು. ಅಕ್ಕ ಎಣಿಸುತ್ತಿದ್ದಳು.

ಮರುದಿನ ಮೋರಿ ಅನ್ನುವ ಊರಿನ ಹತ್ತಿರ ನದಿಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿದೆವು. ಲೊಪ್ಪಿಯೊ ಅಂತ ಒಂದು ಸರೋವರ ಇತ್ತಂತೆ ಅಲ್ಲಿ. ಪ್ರವಾಹದ ನೀರನ್ನು ಗಾರ್ದಾಕ್ಕೆ ಬಿಡಲು ಸುರಂಗ ಕೊರೆಯುವಾಗ ಅದರ ನೀರೆಲ್ಲ ಬಸಿದುಹೋಯಿತು, ಈಗ ಜೊಂಡು, ಕಪ್ಪೆ, ಹಕ್ಕಿ. ಆಮೇಲೆ ಒಂದು ಕೊನೆಯ ಏರು, 287 ಮೀಟರ್ ಎತ್ತರದ ಪುಟ್ಟ ಘಾಟಿ. ಅದನ್ನು ದಾಟಿ ನಾಗೊ ಊರಿನ ಹತ್ತಿರ ಒಂದು ತಿರುವು ತಿರುಗಿದರೆ ಇಡೀ ಗಾರ್ದಾ ಸರೋವರ ಕೆಳಗೆ. ಅಕ್ಕ ಬ್ರೇಕ್ ಹಿಡಿದು ನಿಂತಳು. ಒಂದು ಕಾಲು ನೆಲಕ್ಕೂರಿ, ಹೆಲ್ಮೆಟ್ ತೆಗೆದು ಹ್ಯಾಂಡಲ್‌ಗೆ ಸಿಕ್ಕಿಸಿ, ನೀರಿನ ಕಡೆ ನೋಡುತ್ತಾ "ಐದು ದಿನ ಆಯಿತು ಕಣೋ, ನಾನು ಹಿಂದೆ ತಿರುಗಿ ನೋಡಿಯೇ ಇಲ್ಲ" ಅಂದಳು.