ಹಬ್ಬದ ಮನೆಯಲ್ಲಿ ಮರೆವಿನ ಕಾಯಿಲೆಯ ಹಿರಿಯರು

ಕೇಳುಗರಿಗೆ ನಮಸ್ಕಾರ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ಈಗ ಅಡುಗೆಮನೆಯಲ್ಲೋ ಅವರ ಮಂಚದ ಪಕ್ಕದಲ್ಲೋ ಕೂತು ಇದನ್ನು ಕೇಳುತ್ತಿರಬಹುದು. ಹಬ್ಬ ಹತ್ತಿರ ಬಂತು. ನಿಮಗೆ ನಾನು ಹೇಳಬೇಕಾದ್ದು ಒಂದೇ ಮಾತು: ಅವರ ದಿನಚರಿ ತಪ್ಪಿಸಬೇಡಿ. ಏಳುವ ಹೊತ್ತು, ಸ್ನಾನ, ಊಟ, ಮಾತ್ರೆ, ಮಧ್ಯಾಹ್ನದ ನಿದ್ದೆ ನಿನ್ನೆ ಹೇಗಿತ್ತೋ ಹಬ್ಬದ ದಿನವೂ ಹಾಗೇ ಇರಲಿ.

ಯಾಕೆ? ಹೊಸ ಸಂಗತಿ ನೆನಪಾಗಿ ಉಳಿಯಬೇಕಾದರೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಸರಿಯಿರಬೇಕು. ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಆಲ್‌ಜೈಮರ್ ಕಾಯಿಲೆ ಮೊದಮೊದಲು ಹಾಳುಮಾಡುವ ಭಾಗಗಳಲ್ಲಿ ಅದೂ ಒಂದು. ಸಂಜೆ ನೆಂಟರು ಬರುತ್ತಾರೆ ಅಂತ ಬೆಳಿಗ್ಗೆ ನೀವು ಹೇಳಿದ್ದು ಹತ್ತೇ ನಿಮಿಷದಲ್ಲಿ ಅಳಿಸಿಹೋಗುತ್ತದೆ. ಅಭ್ಯಾಸ ಮಾತ್ರ ಬಹುಕಾಲ ಉಳಿಯುತ್ತದೆ. ಕುರ್ಚಿ ಎಲ್ಲಿದೆ, ಬಚ್ಚಲು ಯಾವ ಕಡೆ, ಇದೆಲ್ಲ ಅವರ ಕಾಲಿಗೆ ಗೊತ್ತು. ಅವರಿಗಿರುವ ಆಸರೆ ಅದೊಂದೇ.

ಒಂದು ಮನೆಯ ಹಬ್ಬ ಹೇಗೆ ನಡೆಯುತ್ತದೆ ನೋಡಿ. ಜನ ಕೂರಲು ಜಾಗ ಬೇಕೆಂದು ಬೆಳಿಗ್ಗೆಯೇ ಅಜ್ಜಿಯ ಕುರ್ಚಿ ಕಿಟಕಿಯ ಪಕ್ಕದಿಂದ ಮೂಲೆಗೆ ಹೋಗುತ್ತದೆ. ಊಟ ಒಂದೂವರೆ ಗಂಟೆ ತಡ. ಗಲಾಟೆಯಲ್ಲಿ ನಿದ್ದೆಯೂ ಇಲ್ಲ. ಐದು ಗಂಟೆಗೆ ನೆಂಟರು. ಟಿವಿ ಓಡುತ್ತಿದೆ, ಮಕ್ಕಳು ಕೂಗುತ್ತಿದ್ದಾರೆ, ಬಣ್ಣದ ದೀಪ ಮಿಣುಕುತ್ತಿದೆ. ಒಬ್ಬರು ಬಗ್ಗಿ, “ನಾನ್ಯಾರು ಹೇಳಿ ನೋಡೋಣ?” ಎನ್ನುತ್ತಾರೆ. ಅಜ್ಜಿ ಸುಮ್ಮನೆ ನೋಡುತ್ತಾರೆ. ಇನ್ನೊಬ್ಬರು, “ಅಯ್ಯೋ, ನನ್ನ ಗುರುತೂ ಸಿಗಲಿಲ್ವಾ? ಎತ್ತಿ ಆಡಿಸಿದ್ದು ನೀವೇ ಅಲ್ವಾ!” ಎಂದು ನಗುತ್ತಾರೆ. ಅಜ್ಜಿಯ ಕೈ ಬಟ್ಟೆಯ ಅಂಚನ್ನು ಹಿಂಡಲು ಶುರುಮಾಡಿರುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ. ಕತ್ತಲಾಗುವ ಹೊತ್ತಿಗೆ, “ನಾನು ಮನೆಗೆ ಹೋಗ್ತೀನಿ” ಎಂದು ಏಳುತ್ತಾರೆ. ಮಗ ಹೇಳುತ್ತಾನೆ, “ಅಮ್ಮಾ, ಇದೇ ನಿಮ್ಮ ಮನೆ.” ಎರಡನೇ ಸಲ ಜೋರಾಗಿ. ಮೂರನೇ ಸಲ ರೇಗಿ. ಬಂದುಹೋಗುವವರಿಗಾಗಿ ಬಾಗಿಲು ತೆರೆದೇ ಇದೆ. ಅಜ್ಜಿ ಸಿಗುವುದು ಬೀದಿಯ ಕೊನೆಯಲ್ಲಿ, ಬರಿಗಾಲಲ್ಲಿ.

ಇದ್ದಕ್ಕಿದ್ದಂತೆ ಹೀಗಾಯಿತು ಎನ್ನುತ್ತಾರೆ ಎಲ್ಲರೂ. ಇದ್ದಕ್ಕಿದ್ದಂತೆ ಏನೂ ಆಗಲಿಲ್ಲ, ಕುರ್ಚಿ ಸರಿಸಿದಾಗಲೇ ಶುರುವಾಯಿತು. ಮನೆಗೆ ಹೋಗಬೇಕು ಅಂದರೆ, ಈ ಗಾಬರಿ ಇಲ್ಲದ ಜಾಗಕ್ಕೆ ಹೋಗಬೇಕು ಅಂತ. ಅಲ್ಲಿ ವಾದ ಯಾಕೆ? “ಹೋಗೋಣಮ್ಮ, ಮೊದಲು ಸ್ವಲ್ಪ ನೀರು ಕುಡೀರಿ” ಅನ್ನಿ. ಕೈ ಹಿಡಿದು ಅವರ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದಕ್ಕೆ ಮಾಡಿ, ಪಕ್ಕದಲ್ಲಿ ಕೂರಿ. ಆ ಒಂದು ಕೋಣೆಗೆ ಅಲಂಕಾರವೂ ಬೇಡ, ನೆಂಟರ ಸಾಮಾನೂ ಬೇಡ.

ಸಂಜೆಯಾದಂತೆ ಗೊಂದಲ ಹೆಚ್ಚುವುದು ಈ ಕಾಯಿಲೆಯ ಸ್ವಭಾವ. ಹಾಗಾಗಿ ನೆಂಟರನ್ನು ಬೆಳಿಗ್ಗೆ ಹತ್ತರ ನಂತರ ಕರೆಯಿರಿ. ಒಂದು ಸಲಕ್ಕೆ ಇಬ್ಬರು ಮೂವರು, ಅರ್ಧ ಗಂಟೆ ಸಾಕು. ಕತ್ತಲಾಗುವ ಮುಂಚೆಯೇ ದೀಪ ಹಾಕಿ, ಮಿಣುಕದ ದೀಪ. ನೆಲಕ್ಕೆ ಕಪ್ಪು ಚಾಪೆ ಹಾಸಬೇಡಿ, ಅವರ ಕಣ್ಣಿಗೆ ಅದು ಗುಂಡಿಯಂತೆ ಕಾಣಬಹುದು.

ಇನ್ನು ಆ ಪರೀಕ್ಷೆ. ನಾನ್ಯಾರು ಹೇಳಿ ಎಂಬ ಪ್ರಶ್ನೆಯನ್ನು ದಯವಿಟ್ಟು ನಿಲ್ಲಿಸಿ! ಬರುವವರಿಗೆ ಇದನ್ನು ಮುಂಚೆಯೇ ಫೋನಿನಲ್ಲಿ ಹೇಳಿಬಿಡಿ. ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ತಮ್ಮ ಹೆಸರು ಹೇಳಿ, “ನಾನು ನಿಮ್ಮ ತಂಗಿಯ ಮಗ” ಎನ್ನಲಿ. ಒಂದು ಸಲಕ್ಕೆ ಒಂದೇ ಮಾತು. ಆಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಲಿ. ಉತ್ತರ ಬರಲು ಅಷ್ಟು ಹೊತ್ತು ಬೇಕು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಊಟಕ್ಕೆ ಚಿತ್ತಾರವಿಲ್ಲದ ತಟ್ಟೆ, ಒಂದು ಸಲಕ್ಕೆ ಒಂದೇ ಪದಾರ್ಥ. ಎರಡು ಗಂಟೆಗೊಮ್ಮೆ ನೀವಾಗಿಯೇ ಶೌಚಕ್ಕೆ ಕರೆದುಕೊಂಡು ಹೋಗಿ, ಅವರು ಕೇಳಲಿ ಅಂತ ಕಾಯಬೇಡಿ. ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ, ನಿಮ್ಮ ಮೊಬೈಲಿನಲ್ಲಿ ಅವತ್ತಿನ ಬಟ್ಟೆಯಲ್ಲೇ ತೆಗೆದ ಅವರ ಫೋಟೊ ಇರಲಿ. ಕೈಗೆ ರೂಢಿಯಿರುವ ಕೆಲಸ ಕೊಡಿ, ಬಟ್ಟೆ ಮಡಚುವಂಥದ್ದು. ಹಬ್ಬದಲ್ಲಿ ಅವರಿಗೂ ಪಾಲು ಸಿಕ್ಕಂತಾಗುತ್ತದೆ. ಅವರನ್ನು ಬೇರೆ ಊರಿಗೆ ಕರೆದೊಯ್ಯುವ ಯೋಚನೆಯಿದ್ದರೆ ಬಿಟ್ಟುಬಿಡಿ. ದಿನಚರಿ, ದಿನಚರಿ, ಅದನ್ನೇ ಮತ್ತೆ ಹೇಳುತ್ತಿದ್ದೇನೆ.

ನೆಗಡಿಗೆಂದು ಅಂಗಡಿಯಿಂದ ತಂದ ಮಾತ್ರೆ ಕೊಡಬೇಡಿ. ಕ್ಲೋರ್‌ಫೆನಿರಮೀನ್ ಇರುವ ಮಾತ್ರೆ ಗೊಂದಲವನ್ನು ಹೆಚ್ಚಿಸುತ್ತದೆ. ಒಂದೆರಡು ದಿನದೊಳಗೇ ಅವರು ಪೂರ್ತಿ ಬದಲಾದರೆ, ತೂಕಡಿಸುತ್ತಿದ್ದರೆ, ಇಲ್ಲದ್ದು ಕಂಡಂತೆ ಮಾತನಾಡಿದರೆ, ಹಬ್ಬದ ಸುಸ್ತು ಅಂತ ಬಿಡಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು ಹೀಗೆ ಮಾಡುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಹಬ್ಬದ ದಿನವಾದರೂ ಸರಿ, ಅವತ್ತೇ ವೈದ್ಯರಿಗೆ ತೋರಿಸಿ. ನಮಸ್ಕಾರ.