ಕಾಯಿಲ್ ಮತ್ತೆ ಮತ್ತೆ ಹೋಗುತ್ತಿದ್ದರೆ

ಕೇಳುಗರಿಗೆ ನಮಸ್ಕಾರ.

ಪೆಟ್ರೋಲ್ ಅಥವಾ ಸಿಎನ್‌ಜಿಯಲ್ಲಿ ಓಡುವ ಸಣ್ಣ ಪಿಕಪ್ ಇಟ್ಟುಕೊಂಡವರಿಗೆ ಇಗ್ನಿಷನ್ ಕಾಯಿಲ್ ಎಂಬ ಹೆಸರು ಹೊಸದಲ್ಲ. ಲೋಡ್ ಹಾಕಿಕೊಂಡು ಏರು ಹತ್ತುವಾಗ ಗಾಡಿ ಜಗ್ಗುತ್ತದೆ, ಮಿಸ್ ಹೊಡೆಯುತ್ತದೆ, ಅಂದರೆ ಒಂದು ಸಿಲಿಂಡರ್ ಉರಿಯದೆ ಎಂಜಿನ್ ಎಡವುತ್ತದೆ, ಮೀಟರ್ ಬೋರ್ಡಿನಲ್ಲಿ ಎಂಜಿನ್ ದೀಪ ಮಿಣುಕುತ್ತದೆ. ಗ್ಯಾರೇಜಿಗೆ ಒಯ್ದರೆ ಕಾಯಿಲ್ ಹೋಗಿದೆ ಎನ್ನುತ್ತಾರೆ, ಹೊಸದು ಹಾಕುತ್ತಾರೆ, ಗಾಡಿ ಸರಿಹೋಗುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಗೋಳು. ಈ ಎರಡನೇ ಸಲದ ಬಗ್ಗೆಯೇ ಇವತ್ತಿನ ಮಾತು. ಮೊದಲ ಸಲ ಹೋದರೆ ವಯಸ್ಸಾಗಿತ್ತು, ಹೋಯಿತು ಎನ್ನಬಹುದು. ಹೊಸದೂ ಹೋದರೆ ಹೆಚ್ಚಿನ ಸಲ ತಪ್ಪು ಕಾಯಿಲಿನದಲ್ಲ, ಅದನ್ನು ಸುಡುತ್ತಿರುವುದು ಬೇರೆ ಯಾವುದೋ.

ಡೀಸೆಲ್ ಪಿಕಪ್‌ನವರಿಗೆ ಈ ತಾಪತ್ರಯವಿಲ್ಲ. ಆ ಎಂಜಿನ್‌ಗೆ ಕಿಡಿಯೂ ಬೇಡ, ಕಾಯಿಲೂ ಬೇಡ.

ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಸಾವಿರಗಟ್ಟಲೆ ವೋಲ್ಟಿಗೆ ಏರಿಸಿ, ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿಗೆ ಕೊಡುತ್ತದೆ. ಎಷ್ಟು ಸಾವಿರ ಎಂಬುದನ್ನು ತೀರ್ಮಾನಿಸುವುದು ಮಾತ್ರ ಕಾಯಿಲ್ ಅಲ್ಲ, ಪ್ಲಗ್. ಪ್ಲಗ್ಗಿನ ತುದಿಯ ಸಣ್ಣ ಸಂದು, ಅಂದರೆ ಗ್ಯಾಪ್, ದಾಟಲು 12,000 ವೋಲ್ಟ್ ಸಾಕಾದರೆ ಅಷ್ಟಕ್ಕೇ ಕಿಡಿ ಹಾರುತ್ತದೆ. ಪ್ಲಗ್ ಸವೆದು ಗ್ಯಾಪ್ ಹೆಚ್ಚಿದ್ದರೆ ವೋಲ್ಟೇಜ್ 20,000, 25,000 ಎಂದು ಏರುತ್ತಲೇ ಹೋಗುತ್ತದೆ. ಅಷ್ಟಾದರೂ ದಾರಿ ಸಿಗದಿದ್ದರೆ ಕರೆಂಟು ಕಾಯಿಲನ್ನು ಪ್ಲಗ್ಗಿಗೆ ಸೇರಿಸುವ ರಬ್ಬರ್ ಬೂಟನ್ನೋ, ಪ್ಲಗ್ಗಿನ ಪಿಂಗಾಣಿ ಮೈಯನ್ನೋ, ಕೊನೆಗೆ ಕಾಯಿಲ್ ಒಳಗಿನ ಇನ್ಸುಲೇಷನ್ನನ್ನೋ ಸೀಳಿಕೊಂಡು ಹೋಗುತ್ತದೆ. ಸಿಎನ್‌ಜಿಗೆ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲಿನಲ್ಲಿ ಸರಿಯಾಗಿ ಓಡುವ ಗಾಡಿ ಗ್ಯಾಸಿಗೆ ಹಾಕಿದ ಕೂಡಲೇ ಮಿಸ್ ಹೊಡೆದರೆ ಮೊದಲ ಅನುಮಾನ ಪ್ಲಗ್ಗಿನ ಮೇಲಿರಲಿ.

ಇನ್ನು ಪತ್ತೆಯ ಕೆಲಸ. ಪ್ರತಿ ಸಲವೂ ಹೋದದ್ದು ಎಷ್ಟನೇ ಸಿಲಿಂಡರಿನ ಕಾಯಿಲ್? ಇದನ್ನು ಕೇಳದೆ ಸ್ಪ್ಯಾನರ್ ಎತ್ತಬಾರದು. ಕಾಯಿಲ್ ಬದಲಿಸಿದಾಗಲೆಲ್ಲ ಬಿಲ್ಲಿನ ಹಿಂದೆ ಸಿಲಿಂಡರ್ ನಂಬರ್, ತಾರೀಖು, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಒಂದೇ ಸಿಲಿಂಡರಿನಲ್ಲಿ ಮತ್ತೆ ಮತ್ತೆ ಹೋಗುತ್ತಿದ್ದರೆ ಕಾರಣ ಆ ಸಿಲಿಂಡರಿನ ಸುತ್ತಲೇ ಇದೆ. ಇವತ್ತು ಒಂದನೆಯದು, ಮುಂದೆ ಮೂರನೆಯದು, ಆಮೇಲೆ ನಾಲ್ಕನೆಯದು ಎಂದು ಸರದಿಯಲ್ಲಿ ಹೋಗುತ್ತಿದ್ದರೆ ಎಲ್ಲ ಕಾಯಿಲ್‌ಗಳಿಗೂ ಸೇರಿದ ಯಾವುದೋ ಕೆಟ್ಟಿದೆ.

ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದರೆ ಕೊನೆಯ ಅಂಕಿಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದಷ್ಟೇ ಅರ್ಥ. ಕಾಯಿಲೇ ಹೋಗಿದೆ ಎಂದಲ್ಲ. ಇಂಜೆಕ್ಟರ್ ಕಟ್ಟಿದರೂ ವಾಲ್ವ್ ಸರಿಯಾಗಿ ಕೂರದಿದ್ದರೂ ಅದೇ ಕೋಡ್ ಬರುತ್ತದೆ. ಪಿ0351ರಿಂದ ಪಿ0354ರವರೆಗಿನದು ಬಂದರೆ ಕಾಯಿಲಿನ ಕರೆಂಟ್ ದಾರಿಯಲ್ಲೇ, ಅಂದರೆ ವೈರು, ಕನೆಕ್ಟರ್, ಕಾಯಿಲ್ ಅಥವಾ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುನಲ್ಲಿ ದೋಷವಿದೆ. ಪಿ0302 ಬಂತು ಎಂದುಕೊಳ್ಳಿ. ಎಂಜಿನ್ ನಿಲ್ಲಿಸಿ, ಎರಡರ ಕಾಯಿಲನ್ನು ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ ನೋಡಿ. ಕೋಡ್ ಪಿ0303 ಆದರೆ ಕಾಯಿಲ್ ಹೋಗಿರುವುದು ನಿಜ. ಎರಡರಲ್ಲೇ ಉಳಿದರೆ ಕಾಯಿಲಿಗೆ ದುಡ್ಡು ಸುರಿಯಬೇಡಿ. ಒಂದು ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುವ ಎಂಜಿನ್‌ಗಳೂ ಇವೆ. ಅಲ್ಲಿ ಒಂದು ಮತ್ತು ನಾಲ್ಕು, ಇಲ್ಲವೇ ಎರಡು ಮತ್ತು ಮೂರು ಜೊತೆಯಾಗಿ ಮಿಸ್ ಹೊಡೆಯುತ್ತವೆ.

ಒಂದೇ ಸಿಲಿಂಡರ್ ಕಾಡುತ್ತಿದ್ದರೆ ಕಾಯಿಲ್ ತೆಗೆದು ಪ್ಲಗ್ ಗುಂಡಿಯೊಳಗೆ ಟಾರ್ಚ್ ಬಿಡಿ. ಎಣ್ಣೆ ಹೊಳೆಯುತ್ತಿದೆಯೇ? ಎಂಜಿನ್ ಮೇಲಿನ ಮುಚ್ಚಳವಾದ ರಾಕರ್ ಕವರಿನ ಪ್ಲಗ್ ಟ್ಯೂಬ್ ಸೀಲ್ ಸೋರುತ್ತಿದೆ. ಎಣ್ಣೆ ಕುಡಿದ ಬೂಟು ಉಬ್ಬಿ ಮೆತ್ತಗಾಗಿ ಕರೆಂಟು ಹೊರಗೆ ಬಿಡುತ್ತದೆ. ಎಣ್ಣೆ ಒರೆಸಿ ಹೊಸ ಕಾಯಿಲ್ ಹಾಕಿದರೆ ಸಾಲದು, ಸೀಲೂ ರಾಕರ್ ಕವರ್ ಗ್ಯಾಸ್ಕೆಟ್ಟೂ ಹೊಸದಾಗಬೇಕು. ತುಕ್ಕು ಅಥವಾ ಬಿಳಿ ಕಲೆ ಕಂಡರೆ ನೀರು ಇಳಿದಿದೆ. ಮಾರುತಿಯ ಸೂಪರ್ ಕ್ಯಾರಿಯಂಥ ಗಾಡಿಗಳಲ್ಲಿ ಎಂಜಿನ್ ಇರುವುದೇ ಸೀಟಿನ ಕೆಳಗೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ನೇರವಾಗಿ ಎಂಜಿನ್ ಮೇಲೆ ಹಿಡಿಸಬೇಡಿ. ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಓಡುವ ಗಾಡಿಯಾದರೆ ಬೂಟಿನ ಮೇಲ್ತುದಿಯ ಸೀಲನ್ನೂ ಕೈಯಿಂದ ಮುಟ್ಟಿ ನೋಡಿ.

ಈಗ ಪ್ಲಗ್ ಬಿಚ್ಚಿ ಪಿಂಗಾಣಿಯನ್ನು ಬಿಸಿಲಿಗೆ ಹಿಡಿಯಿರಿ. ಉದ್ದಕ್ಕೂ ಪೆನ್ಸಿಲಿನಲ್ಲಿ ಎಳೆದಂಥ ಕೂದಲೆಳೆ ಕಪ್ಪು ಗೆರೆ ಇದ್ದು, ಬಟ್ಟೆಯಿಂದ ಉಜ್ಜಿದರೂ ಹೋಗದಿದ್ದರೆ ಅದು ಕಾರ್ಬನ್ ಟ್ರ್ಯಾಕ್. ಕಿಡಿ ಒಳಗೆ ಹಾರುವ ಬದಲು ಹೊರಮೈ ಮೇಲೆ ಓಡಿದ ದಾರಿ ಅದು. ಅದಕ್ಕೆ ಎದುರಾಗಿ ಬೂಟಿನ ಒಳಗೂ ಒಂದು ಸುಟ್ಟ ಗೆರೆ ಇರುತ್ತದೆ. ಹಳೆಯ ಪ್ಲಗ್ಗಿಗೆ ಹೊಸ ಕಾಯಿಲ್ ಹಾಕಿದರೆ ಪ್ಲಗ್ಗಿನ ಗೆರೆ ಹೊಸ ಬೂಟನ್ನು ಸುಡುತ್ತದೆ. ಹಳೆಯ ಬೂಟಿಗೆ ಹೊಸ ಪ್ಲಗ್ ಹಾಕಿದರೆ ಬೂಟು ಪ್ಲಗ್ಗನ್ನು ಕೆಡಿಸುತ್ತದೆ. ಗೆರೆ ಕಂಡಲ್ಲಿ ಎರಡನ್ನೂ ಒಟ್ಟಿಗೇ ಬದಲಿಸಿ. ಲೋಹದ ಭಾಗಕ್ಕೆ ತಾಗಿ ಪಿಂಗಾಣಿಯ ಸುತ್ತ ಕಾಣುವ ಕಂದು ಬಳೆ ಬೇರೆ. ಅದು ಮಾಮೂಲಿ ಕಲೆ, ಅದಕ್ಕಾಗಿ ಒಳ್ಳೆಯ ಪ್ಲಗ್ ಎಸೆಯಬೇಕಿಲ್ಲ.

ಗುಂಡಿ ಒಣಗಿದೆ, ಪ್ಲಗ್ಗೂ ಚೆನ್ನಾಗಿದೆ ಎಂದಾದರೆ ಕನೆಕ್ಟರ್ ನೋಡಿ. ಲಾಕ್ ಮುರಿದು ಪ್ಲಾಸ್ಟಿಕ್ ಟೈ ಕಟ್ಟಿದ್ದರೆ ಪಿನ್ ಒಳಗೆ ಸಡಿಲವಾಗಿರುತ್ತದೆ. ಕೊನೆಗೆ ಇಸಿಯು. ಕಾಯಿಲಿನ ಕರೆಂಟನ್ನು ಆನ್ ಆಫ್ ಮಾಡುವ ಅದರೊಳಗಿನ ಡ್ರೈವರ್ ಸರ್ಕ್ಯೂಟ್ ಶಾರ್ಟ್ ಆಗಿದ್ದರೆ ಕಾಯಿಲಿಗೆ ಕರೆಂಟು ಬಿಡುವಿಲ್ಲದೆ ಹರಿಯುತ್ತಿರುತ್ತದೆ. ತಣ್ಣಗಿರುವ ಎಂಜಿನ್‌ನಲ್ಲಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಐದು ನಿಮಿಷ ಬಿಡಿ. ಕೀ ಆಫ್ ಮಾಡಿ ಕಾಯಿಲ್ ಮುಟ್ಟಿ. ಉಳಿದವು ತಣ್ಣಗಿದ್ದು ಕಾಡುತ್ತಿರುವ ಸಿಲಿಂಡರಿನ ಕಾಯಿಲ್ ಒಂದೇ ಬಿಸಿಯಾಗಿದ್ದರೆ ಆ ದಾರಿಯ ವೈರು ಮತ್ತು ಇಸಿಯು ಪರೀಕ್ಷೆಯಾಗುವ ತನಕ ಹೊಸ ಕಾಯಿಲ್ ಹಾಕಬೇಡಿ.

ಸರದಿಯಲ್ಲಿ ಹೋಗುವ ಕಾಯಿಲ್‌ಗಳ ಕಥೆ ಬೇರೆ. ಅಲ್ಲಿ ನಾಲ್ಕೂ ಪ್ಲಗ್ಗಿನ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆಯುವುದು ಮೊದಲ ಕೆಲಸ. ಸಿಎನ್‌ಜಿ ಗಾಡಿಗೆ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್ ಇರುತ್ತದೆ, ನಿಮ್ಮ ಗಾಡಿಯ ಲೆಕ್ಕ ಮ್ಯಾನುಯಲ್‌ನಲ್ಲಿದೆ. 1.1 ಮಿಲಿಮೀಟರ್ ಗ್ಯಾಪಿನ ಪೆಟ್ರೋಲ್ ಪ್ಲಗ್ ತಂದು ಹಾಗೇ ಗ್ಯಾಸ್ ಗಾಡಿಗೆ ಹಾಕಿದರೆ ನಾಲ್ಕೂ ಕಾಯಿಲ್ ದಿನವಿಡೀ ಮೈಮುರಿದು ದುಡಿಯಬೇಕಾಗುತ್ತದೆ.

ಆಮೇಲೆ ಅರ್ತ್, ಅಂದರೆ ಎಂಜಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟು ಮರಳುವ ದಾರಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಮತ್ತು ಬ್ಲೋವರ್ ಆನ್ ಇರಲಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಕಡ್ಡಿ ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ, ಇಲ್ಲವೇ ಬೋಲ್ಟ್ ಸಡಿಲವಾಗಿದೆ. ಗಾಡಿಯ ಹಿಂಭಾಗಕ್ಕೆ ಗ್ರಿಲ್ ವೆಲ್ಡಿಂಗ್ ಮಾಡಿಸಿದವರು, ಹಾರ್ನ್ ಮತ್ತು ಎಲ್‌ಇಡಿ ಲೈಟಿಗೆಂದು ಸಿಕ್ಕ ವೈರಿನಿಂದ ಕರೆಂಟ್ ಎಳೆಸಿದವರು ಇದನ್ನು ಬಿಡಲೇಬಾರದು. ಕಾಯಿಲಿಗೆ ಹೋಗುವ ವೈರಿಗೆ ಯಾರೋ ಟೇಪ್ ಸುತ್ತಿ ಜಾಯಿಂಟ್ ಕೊಟ್ಟಿರುವುದು ನಮ್ಮ ಕಡೆ ಏನೂ ಅಪರೂಪವಲ್ಲ.

ಬ್ಯಾಟರಿಯ ಎರಡು ಕಂಬಗಳ ನಡುವೆ ಚಾರ್ಜಿಂಗ್ 13.8ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ, ಕಾಯಿಲ್ ಅಗತ್ಯಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಅದೇ ಜಾಗದಲ್ಲಿ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆಲ್ಟರ್ನೇಟರಿನ ಡಯೋಡ್ ನೋಡಿಸಿ.

ಇದ್ಯಾವುದೂ ಇಲ್ಲದಿದ್ದರೆ ಸಾಮಾನೇ ಕಳಪೆ. ಎರಡು ಪಿನ್ನಿನ ಕಾಯಿಲ್ ಆದರೆ ಹಳೆಯ ಅಸಲಿ ಕಾಯಿಲಿನ ಪಕ್ಕದಲ್ಲಿ ಇಟ್ಟು ಪಿನ್ನುಗಳ ನಡುವಿನ ಓಮ್ಸ್ ಅಳೆಯಿರಿ. ಹೆಚ್ಚಿನವುಗಳಲ್ಲಿ ಅದು ಒಂದು ಓಮಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಮೊದಲು ಮೀಟರಿನ ಎರಡು ಕಡ್ಡಿ ಕೂಡಿಸಿ, ಬಂದ ಅಂಕಿಯನ್ನು ಕಳೆಯಬೇಕು. ಮೂರು, ನಾಲ್ಕು ಪಿನ್ನಿನದರ ಒಳಗೆ ಹೆಚ್ಚಾಗಿ ಟ್ರಾನ್ಸಿಸ್ಟರ್ ಇರುತ್ತದೆ, ಅಲ್ಲಿ ಈ ಅಳತೆ ನಡೆಯುವುದಿಲ್ಲ.

ಎಂಜಿನ್ ಓಡುತ್ತಿರುವಾಗಲೇ ಕಾಯಿಲ್ ಎತ್ತಿ ಕಿಡಿ ನೋಡುವ ಹಳೆಯ ಚಾಳಿಯನ್ನು ದಯವಿಟ್ಟು ಬಿಡಿಸಿ. ಆಗ ವೋಲ್ಟೇಜ್ ತಾನು ಏರಬಲ್ಲಷ್ಟು ಏರಿ ಒಳಗಿನ ಇನ್ಸುಲೇಷನ್ ಸೀಳುತ್ತದೆ. ಕೈಗೂ ಹೊಡೆಯುತ್ತದೆ. ಸ್ಪಾರ್ಕ್ ಟೆಸ್ಟರಿಗೆ ಬೆಲೆ ಹೆಚ್ಚೇನಿಲ್ಲ.

ಜೋಡಿಸುವಾಗ ಎಂಜಿನ್ ತಣ್ಣಗಿರಲಿ. ಪ್ಲಗ್ ಬಿಚ್ಚುವ ಮೊದಲೇ ಗುಂಡಿಗೆ ಗಾಳಿ ಹೊಡೆಯಿರಿ, ಇಲ್ಲದಿದ್ದರೆ ಕಸ ಸಿಲಿಂಡರಿಗೆ ಬೀಳುತ್ತದೆ. ಗ್ಯಾಸ್ಕೆಟ್ ಇರುವ 14 ಮಿಲಿಮೀಟರ್ ಪ್ಲಗ್ಗಿಗೆ ಸುಮಾರು 20ರಿಂದ 25 ನ್ಯೂಟನ್ ಮೀಟರ್ ಬಿಗಿತ ಸಾಕು, ಸಣ್ಣ ಥ್ರೆಡ್ಡಿಗೆ ಇನ್ನೂ ಕಡಿಮೆ. ಬೂಟಿನ ಬಾಯೊಳಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ಅದು ರಬ್ಬರನ್ನು ತಿನ್ನುತ್ತದೆ.

ದಾರಿಯಲ್ಲಿ ಎಂಜಿನ್ ದೀಪ ಮಿಣುಕಿದರೆ ಹಾಗೇ ಎಳೆದುಕೊಂಡು ಹೋಗಬೇಡಿ. ಉರಿಯದ ಇಂಧನ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಕಾಯಿಲಿನ ಹಲವು ಪಟ್ಟು ಖರ್ಚು ಅಲ್ಲೇ ಕಾದಿರುತ್ತದೆ. ಪೆಟ್ರೋಲಿಗೆ ಬದಲಿಸಿ, ದೀಪ ಮಿಣುಕುವುದು ನಿಂತರೆ ಆಕ್ಸಿಲರೇಟರ್ ಹೆಚ್ಚು ಒತ್ತದೆ ಹತ್ತಿರದ ಗ್ಯಾರೇಜು ತಲುಪಿ. ನಿಲ್ಲದಿದ್ದರೆ ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿ. ರಿಪೇರಿಯಾದ ಮೇಲೆ ಖಾಲಿ ಗಾಡಿಯನ್ನು ಗ್ಯಾರೇಜಿನ ಮುಂದೆ ಒಂದು ಸುತ್ತು ಹೊಡೆಸಿ ದುಡ್ಡು ಕೊಡಬೇಡಿ. ಮಾಮೂಲಿ ಲೋಡ್ ಹಾಕಿ, ಗ್ಯಾಸಿನಲ್ಲಿ, ಮೂರನೇ ಗೇರಿನಲ್ಲಿ ಒಂದು ಏರು ಹತ್ತಿಸಿ, ಸ್ಕ್ಯಾನರಿನಲ್ಲಿ ಪೆಂಡಿಂಗ್ ಕೋಡ್, ಅಂದರೆ ದೀಪ ಹೊತ್ತುವ ಮೊದಲೇ ದಾಖಲಾದ ದೋಷ, ಇದೆಯೇ ಎಂದು ನೋಡಿಸಿ. 5,000 ಕಿಲೋಮೀಟರ್ ಆದ ಮೇಲೆ ಅದೇ ಸಿಲಿಂಡರಿನ ಪ್ಲಗ್ ಒಂದನ್ನು ಮತ್ತೆ ಬಿಚ್ಚಿಸಿ ಪಿಂಗಾಣಿ ನೋಡಿ.

ನಮಸ್ಕಾರ.