ಕಣ್ಣು ಮುಚ್ಚಿದ ಕ್ಯಾಮೆರಾ

ಕೇಳುಗರಿಗೆ ನಮಸ್ಕಾರ.

ಗಂಗಾವತಿಯ ನಮ್ಮ ಮನೆ ಬಾಗಿಲ ಮೇಲೆ ಒಂದು ವೈಫೈ ಕ್ಯಾಮೆರಾ ಇತ್ತು. ಅಂಗಳದಲ್ಲಿ ಭತ್ತ ಹರವಿ ನಾನು ಕೆಲಸಕ್ಕೆ ಹೊಸಪೇಟೆಗೆ ಹೋದರೂ ಫೋನಿನಲ್ಲೇ ಕಾಣುತ್ತಿತ್ತು. ಆಡು ಬಂದರೆ ಪಕ್ಕದ ಮನೆ ಅಕ್ಕನಿಗೆ ಫೋನು. ಅವರು ಕೋಲು ಹಿಡಿದು ಬಂದು ಓಡಿಸುವುದೂ ಕಾಣುತ್ತಿತ್ತು ಅನ್ನಿ.

ಕಳೆದ ಬೇಸಿಗೆಯಲ್ಲಿ ಆ್ಯಪ್ ತೆರೆದರೆ ಒಂದೇ ಸಾಲು: ಈ ಮಾದರಿಗೆ ಸೇವೆ ನಿಲ್ಲಿಸಲಾಗಿದೆ. ಕ್ಯಾಮೆರಾ ಕೆಟ್ಟಿರಲಿಲ್ಲ. ನೀಲಿ ದೀಪ ಮಿಣುಕುತ್ತಲೇ ಇತ್ತು.

ಆಗ ಗೊತ್ತಾಯಿತು. ನಮ್ಮ ಅಂಗಳದ ಚಿತ್ರ ನೇರವಾಗಿ ನನ್ನ ಫೋನಿಗೆ ಬರುತ್ತಿರಲಿಲ್ಲ. ಎಲ್ಲೋ ದೂರದ ಕಂಪನಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಬರುತ್ತಿತ್ತು. ಅದಕ್ಕೇ ಕ್ಲೌಡ್ ಅಂತಾರೆ. ಕ್ಲೌಡ್ ಅಂದರೆ ಮೋಡ. ಮೋಡವನ್ನು ಎಷ್ಟು ನಂಬಬೇಕು ಅಂತ ಕೊಪ್ಪಳ ಸೀಮೆಯವರಿಗೆ ಹೇಳಬೇಕಾ?

ಅಮೆರಿಕದಲ್ಲಿ ಇದು ಹತ್ತು ವರ್ಷ ಹಿಂದೆಯೇ ಆಗಿದೆ. ಮನೆಯ ದೀಪ, ಬೀಗಗಳನ್ನು ಒಂದೇ ಕಡೆಯಿಂದ ನಡೆಸುವ ರಿವಾಲ್ವ್ ಎಂಬ ಪೆಟ್ಟಿಗೆ, ಬೆಲೆ 299 ಡಾಲರ್. 2014ರಲ್ಲಿ ಗೂಗಲ್ ಬಳಗದ ನೆಸ್ಟ್ ಆ ಕಂಪನಿಯನ್ನು ಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್, ಅಂದರೆ ಪೆಟ್ಟಿಗೆಯನ್ನು ನಡೆಸುತ್ತಿದ್ದ ದೂರದ ಕಂಪ್ಯೂಟರ್, ಮುಚ್ಚಿತು. ಪೆಟ್ಟಿಗೆ ಸುಮ್ನೆ ಪ್ಲಾಸ್ಟಿಕ್ ಆಯಿತು.

ನಿಂತುಹೋದ ಸಾಧನವಾದರೂ ವಾಸಿ. ನಡೆಯುತ್ತಲೇ ಇದ್ದು ಅಪ್‌ಡೇಟ್ ನಿಂತದ್ದು ಜಾಸ್ತಿ ಅಪಾಯ. ಸಾಫ್ಟ್‌ವೇರಿನ ತೂತುಗಳನ್ನು ಮುಚ್ಚುವುದೇ ಅಪ್‌ಡೇಟ್. ಅದು ನಿಂತ ಮೇಲೆ ಹೊಸ ತೂತು ಕಂಡರೂ ಮುಚ್ಚುವವರಿಲ್ಲ. ಇಂಥ ಕ್ಯಾಮೆರಾ ಕಳ್ಳರ ಕೈಗೆ ಸಿಕ್ಕರೆ ಏನಾಗುತ್ತದೆ? 2016ರ ಅಕ್ಟೋಬರಿನಲ್ಲಿ ಮಿರಾಯ್ ಎಂಬ ಕಳ್ಳ ಸಾಫ್ಟ್‌ವೇರ್ ಜನರ ಮನೆಯ ಕ್ಯಾಮೆರಾ, ರೆಕಾರ್ಡರುಗಳಿಗೆ ಫ್ಯಾಕ್ಟರಿ ಪಾಸ್‌ವರ್ಡಿನಿಂದಲೇ ನುಗ್ಗಿತ್ತು. ಅವನ್ನೆಲ್ಲ ಸೇರಿಸಿ, ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಇಂಟರ್ನೆಟ್ ಕಂಪನಿಯ ಮೇಲೆ ಛೂ ಬಿಟ್ಟರು. ಟ್ವಿಟರ್, ನೆಟ್‌ಫ್ಲಿಕ್ಸ್ ಹಲವು ಕಡೆ ತೆರೆಯಲೇ ಇಲ್ಲ.

ಅಪ್‌ಡೇಟ್ ಎಷ್ಟು ದಿನ ಕೊಡುತ್ತೇವೆ ಅಂತ ಮಾರುವಾಗಲೇ ಹೇಳಬೇಕು ಎಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಇದೆ. ನಮ್ಮಲ್ಲೂ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಭದ್ರತಾ ಪರೀಕ್ಷೆ ಕಡ್ಡಾಯ.

ಹಳೆಯದನ್ನು ವೈಫೈನಿಂದ ಬಿಡಿಸಿ, ಖಾತೆ ಅಳಿಸಿ, ಹೊಸದು ತರಲು ಹೋದೆ. "ನೆಟ್ ಹೋದರೂ ಮನೆಯಲ್ಲೇ ರೆಕಾರ್ಡ್ ಆಗುತ್ತಾ?" ಅಂದೆ. ಆಗುತ್ತೆ, ಮೆಮೊರಿ ಕಾರ್ಡ್ ಇದೆ ಅಂದರು. "ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ?"

ಅಂಗಡಿಯವರು ಡಬ್ಬಿಯನ್ನು ನಾಲ್ಕೂ ಕಡೆ ತಿರುಗಿಸಿದರು. "ಒಂದು ವರ್ಷ ವಾರಂಟಿ ಅದ ಸರ್."

"ವಾರಂಟಿ ಅಲ್ಲರೀ, ಅಪ್‌ಡೇಟು."

"ಇಲ್ಲಿತನಕ ಯಾರೂ ಕೇಳಿಲ್ಲ ಸರ್," ಅಂದವರು ಕಂಪನಿಗೆ ಫೋನು ಹಚ್ಚಿದರು. ನಾನು ಸ್ಟೂಲ್ ಎಳೆದುಕೊಂಡು ಕೂತೆ.